ಸಭೆಯನ್ನು ಕಲಾವಿದರ ಕೆಲಸದ ಮನೆಗೆ ಕರೆದೊಯ್ಯುವುದು ಹೇಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಊರಿನ ಕಲಾವಿದರು ವರ್ಷಕ್ಕೊಂದೆರಡು ದಿನ ತಮ್ಮ ಸ್ಟುಡಿಯೊಗಳ ಬಾಗಿಲನ್ನು ಎಲ್ಲರಿಗೂ ತೆರೆದಿಡುವ ಪದ್ಧತಿಯ ಬಗ್ಗೆ ಕಳೆದ ತಿಂಗಳ ಅಂಕಣದಲ್ಲಿ ಒಂದು ಪುಟ್ಟ ಉತ್ತರ ಬರೆದಿದ್ದೆ. ಅದನ್ನು ಓದಿ ಸೇವಾ ಕ್ಲಬ್ಬುಗಳ ಪದಾಧಿಕಾರಿಗಳು, ಕಲಾವಿದರು ಮತ್ತು ಚಿತ್ರಗಳನ್ನು ಪ್ರೀತಿಸುವ ಗೃಹಸ್ಥರು ಹಲವು ಪತ್ರಗಳನ್ನು ಕಳುಹಿಸಿದ್ದಾರೆ. ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಪತ್ರಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಬಿಟ್ಟು ಊರನ್ನು ಮಾತ್ರ ಕೊಟ್ಟಿದ್ದೇನೆ.

ಪ್ರಶ್ನೆ: ನಮ್ಮ ರೋಟರಿ ಕ್ಲಬ್ಬಿನ ವಾರದ ಸಭೆಯಲ್ಲಿ ಊರಿನ ಕಲಾವಿದರನ್ನು ಪರಿಚಯಿಸಿ, ಮುಂದಿನ ಶನಿವಾರ ಮತ್ತು ಭಾನುವಾರ ಅವರ ಸ್ಟುಡಿಯೊಗಳ ಭೇಟಿಯನ್ನು ಏರ್ಪಡಿಸೋಣವೆಂದು ನಾನು ಸೂಚಿಸಿದೆ. ಹಿರಿಯ ಸದಸ್ಯರೊಬ್ಬರು, "ರಕ್ತದಾನ ಶಿಬಿರ ಸೇವೆ, ಕಣ್ಣಿನ ತಪಾಸಣೆ ಸೇವೆ, ಚಿತ್ರ ನೋಡಿ ಬರುವುದು ಸೇವೆ ಹೇಗಾದೀತು?" ಎಂದು ಕೇಳಿದರು. ಅವರಿಗೆ ಏನು ಉತ್ತರಿಸಬೇಕು, ಸಭೆಯನ್ನು ಹೇಗೆ ನಡೆಸಬೇಕು?
(ಕ್ಲಬ್ಬೊಂದರ ಕಾರ್ಯದರ್ಶಿ, ಮೈಸೂರು)

ಉತ್ತರ: ನಿಮ್ಮ ಹಿರಿಯ ಸದಸ್ಯರಿಗೆ ಅವರ ಸಂಸ್ಥೆಯ ಹೆಸರಿನಲ್ಲೇ ಉತ್ತರವಿದೆ. 1905ರ ಫೆಬ್ರುವರಿ 23ರ ಸಂಜೆ ಷಿಕಾಗೊ ನಗರದಲ್ಲಿ ಮೊದಲ ಸಭೆ ಸೇರಿದವರು ನಾಲ್ಕೇ ಜನ. ಪಾಲ್ ಹ್ಯಾರಿಸ್ ವಕೀಲರು, ಗುಸ್ಟಾವಸ್ ಲೋರ್ ಗಣಿ ಎಂಜಿನಿಯರು, ಸಿಲ್ವೆಸ್ಟರ್ ಶೀಲ್ ಕಲ್ಲಿದ್ದಲು ವ್ಯಾಪಾರಿ, ಹೈರಮ್ ಶೋರಿ ಬಟ್ಟೆ ಹೊಲಿಸಿಕೊಡುವ ವ್ಯಾಪಾರಿ. ಅವರು ಕುಳಿತದ್ದು ಹೋಟೆಲಿನ ಸಭಾಂಗಣದಲ್ಲಾಗಿರದೆ, ಲೋರ್ ಅವರ ಕಚೇರಿಯ ಕೋಣೆಯಲ್ಲಿ. ಆಮೇಲಿನ ಸಭೆಗಳು ಸರದಿಯಂತೆ ಒಬ್ಬೊಬ್ಬ ಸದಸ್ಯರ ಕೆಲಸದ ಜಾಗದಲ್ಲಿ ನಡೆದವು. ಶೀಲ್ ಅವರ ಕಲ್ಲಿದ್ದಲಿನ ಅಂಗಳದಲ್ಲೂ ಸೇರಿದ್ದುಂಟು. ಹೀಗೆ ಸರದಿಯಂತೆ ಸುತ್ತುವ ರೂಢಿಯಿಂದಲೇ ರೋಟರಿ ಎಂಬ ಹೆಸರು ಹುಟ್ಟಿತು. ಒಬ್ಬರ ಕೆಲಸವನ್ನು ಇನ್ನೊಬ್ಬರು ಅದು ನಡೆಯುವ ಸ್ಥಳಕ್ಕೇ ಹೋಗಿ ನೋಡುವುದು ಆ ಸಂಸ್ಥೆಯ ಮೊದಲ ಅಭ್ಯಾಸ. ಶಿಬಿರಗಳು, ದತ್ತಿಗಳು, ಪೋಲಿಯೊ ಲಸಿಕೆ ಎಲ್ಲವೂ ಬಳಿಕ ಬಂದವು. ವೃತ್ತಿ ಸೇವೆ ಎಂಬುದು ಇಂದಿಗೂ ರೋಟರಿಯ ಸೇವಾಮಾರ್ಗಗಳಲ್ಲಿ ಒಂದಾಗಿದ್ದು, ಜನವರಿ ತಿಂಗಳನ್ನು ಅದಕ್ಕೆಂದೇ ಮೀಸಲಿಟ್ಟಿದ್ದಾರೆ. ಕಾರ್ಖಾನೆಗೆ, ಹಾಲಿನ ಡೇರಿಗೆ ವೃತ್ತಿ ಭೇಟಿ ಹೋಗುವ ಕ್ಲಬ್ಬು ಚಿತ್ರಕಾರರ ಮನೆಗೂ ಹೋಗಬಹುದು, ಏಕೆಂದರೆ ಚಿತ್ರ ಬರೆಯುವುದೂ ಅನ್ನ ದುಡಿಯುವ ವೃತ್ತಿಯೇ. ಈ ಒಂದು ಮಾತನ್ನು ಸಭೆ ಮನಸಾರೆ ಒಪ್ಪಿಕೊಂಡರೆ ಉಳಿದ ಏರ್ಪಾಡುಗಳಿಗೆ ದಾರಿ ತಾನಾಗಿ ಕಾಣುತ್ತದೆ.

ಸಭೆಯನ್ನು ಹೇಗೆ ನಡೆಸಬೇಕೆಂಬ ಪ್ರಶ್ನೆ ಬಂದಾಗ, ಅನೇಕ ಸಭೆಗಳಿಗೆ ಅತಿಥಿಯಾಗಿ ಹೋಗಿಬಂದವನಾಗಿ ಸ್ವಲ್ಪ ಕಟುವಾಗಿಯೇ ಹೇಳಬೇಕಾಗುತ್ತದೆ. ಪ್ರಾರ್ಥನೆ, ಸ್ವಾಗತ, ಹಿಂದಿನ ಸಭೆಯ ವರದಿ, ಹುಟ್ಟುಹಬ್ಬದ ಶುಭಾಶಯ, ಅತಿಥಿಗಳ ಪರಿಚಯ, ಶಾಲು, ಹಾರ, ಮೈಸೂರು ಪೇಟ, ಫಲತಾಂಬೂಲ, ಸ್ಮರಣಿಕೆ ಇವೆಲ್ಲ ಮುಗಿಯುವ ಹೊತ್ತಿಗೆ ಕಲಾವಿದರಿಗೆ ಉಳಿಯುವುದು ಎಂಟೋ ಹತ್ತೋ ನಿಮಿಷ, ಅದೂ ಊಟದ ಬಟ್ಟಲುಗಳ ಸದ್ದಿನ ನಡುವೆ. ಶಾಲನ್ನು ಉಳಿಸಿಕೊಳ್ಳಿ, ಉಳಿದ ಸನ್ಮಾನವನ್ನು ಬಿಡಿ. ಕಲಾವಿದರಿಗೆ ಕನಿಷ್ಠ ಇಪ್ಪತ್ತೈದು ನಿಮಿಷ ಸಿಗುವಂತೆ ನೋಡಿಕೊಂಡು, ಭಾಷಣಕ್ಕೆ ಬದಲಾಗಿ ಅರ್ಧಕ್ಕೆ ನಿಂತ ಒಂದು ಕೆಲಸವನ್ನು ತರುವಂತೆ ಕೇಳಿಕೊಳ್ಳಿ. ಕಟ್ಟು ಹಾಕಿಸಿದ, ಮುಗಿದ ಚಿತ್ರವನ್ನು ತಂದರೆ ಸದಸ್ಯರು "ಬಹಳ ಚೆನ್ನಾಗಿದೆ" ಎಂದು ಹೇಳಿ ಕೈ ಮುಗಿದು ಹೋಗುತ್ತಾರೆ. ಅರ್ಧ ಕೆಲಸವನ್ನು ಕಂಡರೆ ಪ್ರಶ್ನೆ ಕೇಳುತ್ತಾರೆ.

ಉದಾಹರಣೆಗೆ ಮೈಸೂರು ಸಾಂಪ್ರದಾಯಿಕ ಚಿತ್ರವನ್ನೇ ತೆಗೆದುಕೊಳ್ಳಿ. 2005ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಚಿತ್ರಗಳನ್ನು ನಿಮ್ಮ ಸದಸ್ಯರು ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಗಾಜಿನ ಆಚೆ ನೋಡಿರುತ್ತಾರೆ. ಅದೇ ಚಿತ್ರದ ಹುಟ್ಟನ್ನು ನೋಡಿದವರು ಬಹಳ ಕಡಿಮೆ. ಹಲಗೆಗೆ ಕಾಗದವನ್ನು ಅಂಟಿಸಿ, ಹುಣಸೆ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಿಲಿನಿಂದ ರೇಖೆ ಹಾಕುವುದು ಹಳೆಯ ಪದ್ಧತಿ. ಮೊದಲು ಆಕಾಶ, ಬೆಟ್ಟ, ನದಿಗಳಿಗೆ ಬಣ್ಣ ಬೀಳುತ್ತದೆ, ಬಳಿಕ ಪ್ರಾಣಿಗಳಿಗೂ ಮನುಷ್ಯರಿಗೂ. ಮುಖ, ಉಡುಗೆ, ಆಭರಣಗಳ ಸೂಕ್ಷ್ಮ ಕೆಲಸಕ್ಕೆ ಕೈ ಹಾಕುವುದು ಕೊನೆಯಲ್ಲಿ. ಸೀಸದ ಬಿಳಿ ಪುಡಿ, ರೇವಣ ಚಿನ್ನಿ ಹಾಲು ಎಂಬ ಹಳದಿ ಮರದಂಟು ಮತ್ತು ಅಂಟನ್ನು ಕಲಸಿ ಮಾಡಿದ ಸರಿಯನ್ನು, ಅಂದರೆ ಮಂದ ಲೇಪವನ್ನು, ತೆಳು ಕುಂಚದ ತುದಿಯಿಂದ ಒಡವೆಯ ಗೆರೆಗಳ ಮೇಲೆ ಎಳೆದು ಉಬ್ಬು ತರುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪ, ಮೈಸೂರಿನಲ್ಲಿ ಬೆರಳಾಡಿಸಿದರೆ ಮಾತ್ರ ತಿಳಿಯುವಷ್ಟು ತೆಳು. ಅದರ ಮೇಲೆ ಚಿನ್ನದ ರೇಕನ್ನು ಕೂರಿಸುವಾಗ ಕಲಾವಿದರು ಫ್ಯಾನ್ ನಿಲ್ಲಿಸಿ, ಉಸಿರನ್ನೂ ಬಿಗಿಹಿಡಿಯುತ್ತಾರೆ, ಏಕೆಂದರೆ ಒಂದು ನಿಟ್ಟುಸಿರಿಗೆ ಆ ರೇಕು ಮಡಚಿಕೊಂಡು ಹಾಳಾಗಬಲ್ಲದು. ಈ ಒಂದು ಕೆಲಸವನ್ನು ಐದು ನಿಮಿಷ ಸಭೆಯ ಎದುರಿಗೆ ಮಾಡಿ ತೋರಿಸಲಿ. ಆ ಚಿತ್ರದ ಬೆಲೆ ಏಕೆ ಅಷ್ಟು ಎಂದು ಆಮೇಲೆ ಯಾರೂ ಕೇಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವ ಧೈರ್ಯವಿದ್ದರೆ, ಆ ವಾರದ ಸಭೆಯನ್ನೇ ಒಂದು ಸ್ಟುಡಿಯೊದಲ್ಲಿ ನಡೆಸಿ. ಜಮಖಾನ ಹಾಸಿ ಕುಳಿತುಕೊಳ್ಳಿ, ಊಟದ ಬದಲು ಕಾಫಿ ಸಾಕು. ನಿಮ್ಮ ಸಂಸ್ಥೆಯ ಮೂಲಪುರುಷರು ಮಾಡಿದ್ದೂ ಅದನ್ನೇ.

ಪ್ರಶ್ನೆ: ಸ್ಟುಡಿಯೊ ಪ್ರವಾಸಕ್ಕೂ ಚಿತ್ರಸಂತೆಗೂ ಏನು ವ್ಯತ್ಯಾಸ? ಎಲ್ಲ ಕಲಾವಿದರನ್ನೂ ಒಂದೇ ಕಲ್ಯಾಣಮಂಟಪಕ್ಕೆ ಕರೆಸಿ ಮಳಿಗೆ ಕೊಟ್ಟರೆ ಜನರಿಗೂ ಸುಲಭ, ನಮಗೂ ಸುಲಭವಲ್ಲವೇ?
(ಓದುಗರೊಬ್ಬರು, ಹಾಸನ)

ಉತ್ತರ: ಸುಲಭವೆಂಬುದು ನಿಜ. ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ವರ್ಷಕ್ಕೊಮ್ಮೆ ನಡೆಸುವ ಚಿತ್ರಸಂತೆಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಕುಟುಂಬಗಳು ಅಲ್ಲಿ ಬೀದಿಯಲ್ಲಿ ನಡೆಯುತ್ತಲೇ ಮೊದಲ ಚಿತ್ರವನ್ನು ಕೊಂಡಿವೆ. ಆದರೆ ಸಂತೆಯಲ್ಲಿ ಕಾಣುವುದು ಸರಕು. ಶಿಲ್ಪಿಯೊಬ್ಬರು ಕಲ್ಲನ್ನು ಬೆರಳಿನಿಂದ ತಟ್ಟಿ, ನಾದ ಕೇಳಿ, ಒಳಗೆ ಬಿರುಕಿದೆಯೇ ಎಂದು ಹೇಳುವುದನ್ನು ಕಲ್ಯಾಣಮಂಟಪದಲ್ಲಿ ಕಾಣಲಾಗದು. 2024ರ ಜನವರಿಯಲ್ಲಿ ಅಯೋಧ್ಯೆಯ ಬಾಲರಾಮನ ಮೂರ್ತಿಯ ಜೊತೆಗೆ ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜ್ ಅವರ ಹೆಸರು ದೇಶದ ಮನೆಮನೆಗೆ ತಲುಪಿತು. ಆದರೆ ಮೈಸೂರಿನಲ್ಲೇ ಹುಟ್ಟಿ ಬೆಳೆದವರಲ್ಲಿ ಎಷ್ಟು ಜನ ಒಂದು ಶಿಲ್ಪಶಾಲೆಯ ಅಂಗಳದಲ್ಲಿ ಅರ್ಧ ಗಂಟೆ ನಿಂತು ಉಳಿಯ ಸದ್ದು ಕೇಳಿದ್ದಾರೆ? ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಂತಹ ಊರಿನಲ್ಲಿ ಬೀದಿ ಬೀದಿಯಲ್ಲೂ ಆ ಸದ್ದು ಇದೆ, ಕೇಳಲು ಹೋಗುವವರು ಬೇಕು.

ಹೊರದೇಶಗಳಲ್ಲಿ ಇದು ಹೊಸದಲ್ಲ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಕಲಾವಿದರು 1975ರಿಂದ ಸ್ಟುಡಿಯೊಗಳನ್ನು ತೆರೆದಿಡುತ್ತ ಬಂದಿದ್ದಾರೆ. ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನಲ್ಲಿ ಪ್ರತಿ ಮೇ ತಿಂಗಳು ಮನೆಯ ಹಿತ್ತಲಿನ ಕೋಣೆಗಳು, ಹಳೆಯ ಕೊಟ್ಟಿಗೆಗಳು ಕೂಡ ಪ್ರೇಕ್ಷಕರಿಗೆ ತೆರೆದುಕೊಳ್ಳುತ್ತವೆ, ಪ್ರವೇಶಕ್ಕೆ ಹಣವಿಲ್ಲ. ನಮ್ಮ ನೆರೆಯಲ್ಲೇ ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮವಿದೆ. ಕೆ.ಸಿ.ಎಸ್. ಪಣಿಕ್ಕರ್ ಅವರ ಮುಂದಾಳ್ತನದಲ್ಲಿ 1966ರಲ್ಲಿ ಕಲಾವಿದರು ತಾವೇ ಹಣ ಹಾಕಿ ಜಾಗ ಕೊಂಡು, ಮನೆಯನ್ನೂ ಕೆಲಸದ ಜಾಗವನ್ನೂ ಒಟ್ಟಿಗೆ ಕಟ್ಟಿಕೊಂಡರು.

ಪ್ರಶ್ನೆ: ನಾನು ಮದುವೆಮನೆಗಳ ಗೋಡೆಗೆ ಹಸೆ ಚಿತ್ತಾರ ಬರೆಯುವವಳು, ಈಗ ಕಾಗದ ಮತ್ತು ಬಟ್ಟೆಯ ಮೇಲೂ ಬರೆಯುತ್ತೇನೆ. ಪಟ್ಟಣದ ಕ್ಲಬ್ಬೊಂದು ನಮ್ಮ ಮನೆಯನ್ನು ತಮ್ಮ ಪ್ರವಾಸದ ಪಟ್ಟಿಗೆ ಸೇರಿಸುತ್ತೇವೆ ಎನ್ನುತ್ತಿದೆ. ಹಿಂದೆ ಒಮ್ಮೆ ಹೀಗೇ ಬಂದವರು ಮನೆಯೆಲ್ಲ ಓಡಾಡಿ, ಫೋಟೊ ತೆಗೆದುಕೊಂಡು, ಕಾಫಿ ಕುಡಿದು ಹೋದರು. ಎರಡು ದಿನದ ಕೆಲಸ ಕೆಟ್ಟಿತು. ಒಪ್ಪಿಕೊಳ್ಳಲೇ, ಬೇಡವೇ? ಒಪ್ಪಿದರೆ ಬಂದವರಿಗೆ ಏನು ತೋರಿಸಲಿ?
(ಚಿತ್ತಾರ ಕಲಾವಿದೆ, ಸಾಗರ ತಾಲ್ಲೂಕು)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಒಪ್ಪಿಕೊಳ್ಳಿ, ಆದರೆ ನಿಮ್ಮ ಷರತ್ತುಗಳನ್ನು ಮೊದಲೇ ಹೇಳಿ, ಅವುಗಳನ್ನು ಕ್ಲಬ್ಬಿನವರು ಕಾಗದದ ಮೇಲೆ ಬರೆದು ಕೊಟ್ಟ ಮೇಲೆಯೇ ಒಪ್ಪಿಕೊಳ್ಳಿ.

ಮೊದಲನೆಯದು ನಿಮ್ಮ ದಿನದ ಕೂಲಿ. ಬಂದವರು ಏನನ್ನೂ ಕೊಳ್ಳದೆ ಹೋದರೂ ಆ ಎರಡು ದಿನಗಳ ದುಡಿಮೆಯ ಮೊತ್ತವನ್ನು ಕ್ಲಬ್ಬು ನಿಮಗೆ ಕೊಡಬೇಕು. ಇದನ್ನು ಕೇಳಲು ಸಂಕೋಚ ಬೇಡ. ವೈದ್ಯರನ್ನೋ ಲೆಕ್ಕಪರಿಶೋಧಕರನ್ನೋ ಎರಡು ದಿನ ಕೂರಿಸಿಕೊಂಡರೆ ಶುಲ್ಕ ಕೊಡದೆ ಕಳುಹಿಸುವವರು ಆ ಕ್ಲಬ್ಬಿನಲ್ಲಿ ಒಬ್ಬರೂ ಇರಲಾರರು. ಕಾಫಿ, ಉಪಾಹಾರದ ಹೊಣೆಯೂ ಅವರದೇ ಆಗಲಿ. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ನಮ್ಮ ಸಂಪ್ರದಾಯವೇ ಇಂಥ ದಿನಗಳಲ್ಲಿ ಮನೆಯ ಹೆಂಗಸನ್ನು ಕೆಲಸದ ಹಲಗೆಯಿಂದ ಎಬ್ಬಿಸಿ ಒಲೆಯ ಮುಂದೆ ನಿಲ್ಲಿಸುತ್ತದೆ. ಮನೆಯ ಯಾವ ಭಾಗ ನೋಡಲು ತೆರೆದಿದೆ, ಯಾವುದು ಇಲ್ಲ ಎಂಬುದನ್ನು ನೀವೇ ತೀರ್ಮಾನಿಸಿ. ಜಗುಲಿ ಸಾಕೆನಿಸಿದರೆ ಜಗುಲಿಯೇ ನಿಮ್ಮ ಸ್ಟುಡಿಯೊ. ಒಂದು ಸಲಕ್ಕೆ ಎಂಟು ಜನರಿಗಿಂತ ಹೆಚ್ಚು ಬೇಡ, ಮುಸ್ಸಂಜೆಯಾದ ಮೇಲೆ ಯಾರೂ ಬೇಡ, ಕ್ಲಬ್ಬಿನ ಮಹಿಳಾ ಸದಸ್ಯರೊಬ್ಬರು ಎರಡೂ ದಿನ ನಿಮ್ಮ ಜೊತೆಗಿರಲಿ. ರೋಟರಿ ಬಳಗದ ಮಹಿಳೆಯರ ಸಂಘವಾದ ಇನ್ನರ್ ವ್ಹೀಲ್ ಇರುವ ಊರಾದರೆ ಇದು ಕಷ್ಟವಾಗದು.

ಫೋಟೊ ವಿಷಯಕ್ಕೆ ಬರೋಣ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ರಚಿಸಿದ ಚಿತ್ರದ ಹಕ್ಕು ನಿಮ್ಮದು, ನಿಮ್ಮ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ. ಚಿತ್ರವನ್ನು ಕೊಂಡವರಿಗೂ ಅದನ್ನು ಸೀರೆಯ ಮೇಲೋ ಮದುವೆಯ ಕರೆಯೋಲೆಯ ಮೇಲೋ ಅಚ್ಚು ಹಾಕಿಸುವ ಹಕ್ಕು ತಾನಾಗಿ ಬಾರದು. ಚಿತ್ತಾರದ ಎಳೆಗಳು, ಕಟ್ಟಳೆಗಳು ದೀವರ ಸಮುದಾಯದ ಹೆಣ್ಣುಮಕ್ಕಳ ಪೀಳಿಗೆಗಳಿಂದ ಬಂದ ಸೊತ್ತಾದ್ದರಿಂದ ಅವುಗಳನ್ನು ಯಾರೊಬ್ಬರೂ ತಮ್ಮದೆನ್ನಲಾಗದು, ಆದರೆ ನಿಮ್ಮ ಕೈಯಿಂದ ಮೂಡಿದ ಆ ಒಂದು ಹಾಳೆ ನಿಮ್ಮದೇ. "ಕೈಯ ಕೆಲಸದ ಫೋಟೊ ತೆಗೆಯಬಹುದು, ಪೂರ್ತಿ ಚಿತ್ರದ ನೇರ ಫೋಟೊ ಬೇಡ" ಎಂದು ಬಾಗಿಲಲ್ಲೇ ಒಂದು ಚೀಟಿ ಅಂಟಿಸಿಡಿ.

ಬಂದವರಿಗೆ ಏನು ತೋರಿಸಬೇಕೆಂದೂ ಕೇಳಿದ್ದೀರಿ. ಪುಂಡಿ ನಾರನ್ನು ಜಜ್ಜಿ ಕುಂಚ ಮಾಡುವುದನ್ನು ತೋರಿಸಿ. ನೆನೆಸಿದ ಅಕ್ಕಿಯನ್ನು ಅರೆದ ಬಿಳಿ, ಕರಿಯಾಗುವಂತೆ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಕೆಮ್ಮಣ್ಣು ಇವುಗಳನ್ನು ನಾಲ್ಕು ತೆಂಗಿನ ಚಿಪ್ಪುಗಳಲ್ಲಿ ಮುಂದಿಡಿ. ಅಳತೆಗೋಲಿಲ್ಲದೆ, ಪೆನ್ಸಿಲ್ಲಿನ ಗುರುತಿಲ್ಲದೆ ಒಂದು ನೇರ ಎಳೆ ಗೋಡೆಯ ಈ ತುದಿಯಿಂದ ಆ ತುದಿಗೆ ಹೋಗುವುದನ್ನು ಕಂಡ ಪಟ್ಟಣದವರು ಎಷ್ಟು ಹೊತ್ತು ಮಾತೇ ಆಡುವುದಿಲ್ಲವೆಂದು ನಾನು ಬಲ್ಲೆ.

ಪ್ರಶ್ನೆ: ಮೂವತ್ತೆಂಟು ಜನರ ಒಂದು ಬಸ್ಸು ಮಾಡಿ ಒಂದೇ ದಿನದಲ್ಲಿ ಒಂಬತ್ತು ಕಲಾವಿದರ ಮನೆ ನೋಡುವ ಯೋಜನೆ ಹಾಕಿದ್ದೇವೆ. ಇದರಲ್ಲಿ ತಪ್ಪೇನಾದರೂ ಇದೆಯೇ?
(ಕ್ಲಬ್ ನಿರ್ದೇಶಕರೊಬ್ಬರು, ದಾವಣಗೆರೆ)

ಉತ್ತರ: ಇದೆ. ಬಸ್ಸನ್ನೂ ಬಿಡಿ, ಒಂಬತ್ತನ್ನೂ ಬಿಡಿ.

ಕೆಲವು ವರ್ಷಗಳ ಹಿಂದೆ ನನ್ನದೇ ಸಣ್ಣ ಕೆಲಸದ ಕೋಣೆಗೆ ಸಂಘವೊಂದರ ನಲವತ್ತು ಜನ ಒಮ್ಮೆಲೇ ಬಂದರು. ಹತ್ತಕ್ಕೆ ಹನ್ನೆರಡು ಅಡಿಯ ಕೋಣೆ. ಮುಂದೆ ನಿಂತವರಿಗೆ ಮಾತ್ರ ನನ್ನ ಮಾತು ಕೇಳಿಸುತ್ತಿತ್ತು, ಹಿಂದಿದ್ದವರು ಬೇಸರದಿಂದ ಹೊರಗೆ ಹೋಗಿ ಮೊಬೈಲು ನೋಡತೊಡಗಿದರು. ಗೋಡೆಗೆ ಒರಗಿಸಿದ್ದ ತೈಲವರ್ಣದ ಚಿತ್ರ ಇನ್ನೂ ಹಸಿಯಾಗಿತ್ತು, ಯಾರದೋ ಚೀಲದ ಅಂಚು ಅದರ ಕೆಳಗಿನ ಎಡಮೂಲೆಯನ್ನು ಒರೆಸಿಕೊಂಡು ಹೋಯಿತು. ಕೆರೆಯ ನೀರಿನ ಮೇಲೆ ಸಂಜೆಯ ಬೆಳಕು ಬಿದ್ದ ಜಾಗ ಅದು, ಹನ್ನೊಂದು ದಿನ ಕೂತು ತಂದುಕೊಂಡಿದ್ದ ಬಣ್ಣ. ಅವರ ಮೇಲೆ ನನಗೆ ಕೋಪವಿಲ್ಲ, ಅವರಿಗೆ ಗೊತ್ತೇ ಆಗಲಿಲ್ಲ. ಹದಿನೈದು ನಿಮಿಷಕ್ಕೆ ಸೀಟಿ ಊದಿದರು, ಬಸ್ಸು ಹತ್ತಿದರು. ಆದರೆ ಆ ಮೂಲೆಯನ್ನು ಮತ್ತೆ ಮೊದಲಿನಂತೆ ಮಾಡಲು ನನ್ನಿಂದ ಆಗಲೇ ಇಲ್ಲ.

ಆದ್ದರಿಂದ ಹೀಗೆ ಮಾಡಿ. ಐದಾರು ಸ್ಟುಡಿಯೊಗಳನ್ನು ಮಾತ್ರ ಆರಿಸಿಕೊಂಡು, ಒಂದರಿಂದ ಇನ್ನೊಂದಕ್ಕೆ ಹತ್ತು ಹದಿನೈದು ನಿಮಿಷದಲ್ಲಿ ತಲುಪುವಂತೆ ಒಂದು ನಕ್ಷೆ ಅಚ್ಚು ಹಾಕಿಸಿ. ಪ್ರತಿ ಸ್ಟುಡಿಯೊಕ್ಕೂ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆಯ ಹಳದಿ ಬಾವುಟವನ್ನು ಗೇಟಿಗೆ ಕಟ್ಟಿದರೆ ವಿಳಾಸ ಹುಡುಕುತ್ತ ಅಲೆಯುವ ಪ್ರಮೇಯವಿರದು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿದ್ದು, ಮಧ್ಯಾಹ್ನ ಒಂದರಿಂದ ಎರಡೂವರೆಯವರೆಗೆ ಬಾಗಿಲು ಹಾಕಿರಲಿ. ಕಲಾವಿದರೂ ಊಟ ಮಾಡಬೇಕು. ಜನರು ತಮ್ಮ ಅನುಕೂಲದಂತೆ ನಾಲ್ಕೈದು ಮಂದಿಯಾಗಿ ಬಂದು, ಯಾವ ಮನೆಯಲ್ಲಿ ಮನಸ್ಸು ನಿಂತಿತೋ ಅಲ್ಲಿ ಒಂದು ಗಂಟೆ ಕೂರಲಿ. ಎಲ್ಲವನ್ನೂ ನೋಡಲೇಬೇಕೆಂಬ ನಿಯಮವಿಲ್ಲ. ಪ್ರತಿ ಬಾಗಿಲಲ್ಲೂ ಕ್ಲಬ್ಬಿನ ಇಬ್ಬರು ಸದಸ್ಯರು ಪಾಳಿಯಂತೆ ನಿಂತು, ಒಳಗೆ ಹತ್ತು ಜನರಾದ ಕೂಡಲೇ ಉಳಿದವರನ್ನು ಜಗುಲಿಯಲ್ಲಿ ಕೂರಿಸಬೇಕು. ನಿಮ್ಮ ಮೂವತ್ತೆಂಟು ಸದಸ್ಯರಿಗೆ ಆ ಎರಡು ದಿನ ನಿಜವಾದ ಸೇವೆಯ ಅವಕಾಶ ಸಿಗುವುದು ಈ ಬಾಗಿಲುಗಳಲ್ಲೇ.

ಪ್ರಶ್ನೆ: ಸ್ಟುಡಿಯೊಕ್ಕೆ ಹೋದರೆ ಏನನ್ನಾದರೂ ಕೊಳ್ಳಲೇಬೇಕೇ? ಚೌಕಾಸಿ ಮಾಡಬಹುದೇ?
(ಗೃಹಿಣಿ, ತುಮಕೂರು)

ಉತ್ತರ: ಕೊಳ್ಳಲೇಬೇಕೆಂದಿಲ್ಲ. ಗಮನವಿಟ್ಟು ನೋಡಿದರೆ, ಒಂದು ಪ್ರಶ್ನೆ ಕೇಳಿದರೆ ಅದೇ ಸಾಕಷ್ಟಾಯಿತು. "ಇದಕ್ಕೆ ಎಷ್ಟು ದಿನ ಹಿಡಿಯಿತು?" ಎಂದು ಎಲ್ಲರೂ ಕೇಳುತ್ತಾರೆ; ಅದಕ್ಕಿಂತ "ಇದರಲ್ಲಿ ಕಷ್ಟವಾದದ್ದು ಯಾವ ಭಾಗ?" ಎಂದು ಕೇಳಿ ನೋಡಿ, ಕಲಾವಿದರ ಮುಖ ಅರಳುತ್ತದೆ. ಚೌಕಾಸಿ ಮಾತ್ರ ಬೇಡ. ಬೆಲೆ ಹೆಚ್ಚೆನಿಸಿದರೆ ಸಣ್ಣ ಕೃತಿ ಇದೆಯೇ, ಕಂತಿನಲ್ಲಿ ಕೊಡಬಹುದೇ ಎಂದು ಕೇಳಬಹುದು. ಹಲವರು ಸಂತೋಷದಿಂದ ಒಪ್ಪುತ್ತಾರೆ.

ಪ್ರಶ್ನೆ: ಮಾರಾಟದ ಮೊತ್ತದಲ್ಲಿ ಕ್ಲಬ್ಬು ಶೇಕಡ 20ರಷ್ಟನ್ನು ಸೇವಾನಿಧಿಗೆ ಪಡೆಯಬೇಕೆಂದು ನಮ್ಮ ಸಮಿತಿಯ ಅಭಿಪ್ರಾಯ. ಇದು ಸರಿಯೇ?
(ಕ್ಲಬ್ ಖಜಾಂಚಿ, ಶಿವಮೊಗ್ಗ)

ಉತ್ತರ: ನನ್ನ ದೃಷ್ಟಿಯಲ್ಲಿ ಸರಿಯಲ್ಲ. ಗ್ಯಾಲರಿಗಳು ಪಾಲು ತೆಗೆದುಕೊಳ್ಳುತ್ತವೆ ನಿಜ, ಅವು ವರ್ಷವಿಡೀ ಬಾಡಿಗೆ, ದೀಪ, ನೌಕರರ ಸಂಬಳ ನೋಡಿಕೊಳ್ಳುತ್ತವೆ. ಇಲ್ಲಿ ಜಾಗ ಕಲಾವಿದರದು, ವಿದ್ಯುತ್ತು ಕಲಾವಿದರದು, ಕೆಲಸವೂ ಅವರದೇ. ಹಣ ಕೊಳ್ಳುವವರ ಕೈಯಿಂದ ನೇರವಾಗಿ ಮಾಡಿದವರ ಕೈಗೆ ಹೋಗಲಿ. ನಕ್ಷೆಯ ಅಚ್ಚು, ಬಾವುಟ, ಕಲಾವಿದರ ದಿನಭತ್ಯೆಗಳ ಖರ್ಚಿಗೆ ನಕ್ಷೆಯ ಹಿಂಬದಿಯಲ್ಲಿ ಊರಿನ ಅಂಗಡಿಗಳ ಜಾಹೀರಾತು ಪಡೆಯಿರಿ. ಸೇವಾನಿಧಿ ತುಂಬಿಸಲು ಬೇರೆ ದಾರಿಗಳಿವೆ, ಆ ಭಾರವನ್ನು ಕಲಾವಿದರ ಹೆಗಲಿಗೆ ಹೊರಿಸಬೇಡಿ.

ಪ್ರಶ್ನೆ: ನಾವು ಮನೆಯ ಹಿಂದೆ ಎರಡು ಲೇತ್ ಇಟ್ಟುಕೊಂಡು ಬೊಂಬೆ ಮಾಡುವವರು. ಶಾಲಾ ಮಕ್ಕಳನ್ನೂ ಕರೆತರುತ್ತೇವೆ ಎಂದು ಕ್ಲಬ್ಬಿನವರು ಹೇಳುತ್ತಿದ್ದಾರೆ. ತಿರುಗುವ ಯಂತ್ರದ ಹತ್ತಿರ ಮಕ್ಕಳು ಬಂದರೆ ಎಂದು ಭಯವಾಗುತ್ತದೆ.
(ಬೊಂಬೆ ತಯಾರಕರು, ಚನ್ನಪಟ್ಟಣ)

ಉತ್ತರ: ನಿಮ್ಮ ಭಯ ನ್ಯಾಯವಾದದ್ದೇ, ಆದರೆ ಮಕ್ಕಳನ್ನು ಬೇಡವೆನ್ನಬೇಡಿ. ಲೇತಿನಿಂದ ಐದು ಅಡಿ ದೂರದಲ್ಲಿ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಅದರ ಆಚೆ ಚಾಪೆ ಹಾಸಿ ಮಕ್ಕಳನ್ನು ಕೂರಿಸಿ. ನಿಂತ ಮಕ್ಕಳು ಮುಂದೆ ಸರಿಯುತ್ತಾರೆ, ಕೂತ ಮಕ್ಕಳು ಸರಿಯುವುದು ಕಡಿಮೆ. ಸಡಿಲವಾದ ದುಪಟ್ಟ, ಬಿಚ್ಚಿದ ಕೂದಲು, ಕೊರಳಿನ ದಾರಗಳ ಬಗ್ಗೆ ಶಿಕ್ಷಕರಿಗೆ ಮುಂಚಿತವಾಗಿ ಹೇಳಿರಬೇಕು. ಒಂದೇ ಲೇತ್ ಓಡಲಿ, ಇನ್ನೊಂದರ ವಿದ್ಯುತ್ ಸಂಪರ್ಕವನ್ನು ತಪ್ಪಿಸಿಡಿ. ಧೂಳಿನ ಕೆಲಸವನ್ನು, ಅಂದರೆ ಮರ ಕೊರೆಯುವುದನ್ನೂ ಉಜ್ಜುವುದನ್ನೂ, ಹಿಂದಿನ ದಿನವೇ ಮುಗಿಸಿಟ್ಟುಕೊಂಡು ಮಕ್ಕಳ ಎದುರಿಗೆ ಬಣ್ಣದ ಕೆಲಸ ಮಾತ್ರ ಮಾಡಿ.

ಆ ಬಣ್ಣದ ಕೆಲಸಕ್ಕಿಂತ ಹೆಚ್ಚಿನ ವಿಜ್ಞಾನದ ಪಾಠ ಯಾವ ತರಗತಿಯಲ್ಲಿದೆ? ಬೆಳ್ಳಗಿನ ಹಾಲೆಮರದ ತುಂಡು ಗಿರ್ರನೆ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತಿ ಹಿಡಿಯುತ್ತೀರಿ, ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಬೆಂಕಿಯೂ ಇಲ್ಲ, ಕುಂಚವೂ ಇಲ್ಲ. ಆಮೇಲೆ ಒಣಗಿದ ಕೇದಗೆ ಗರಿಯ ಒಂದು ಪಟ್ಟಿಯನ್ನು ಅದರ ಮೇಲೆ ಆನಿಸಿದರೆ ಕ್ಷಣದಲ್ಲಿ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತದೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆಂದು ಪುಸ್ತಕದಲ್ಲಿ ಓದಿದ ಮಗು ಆ ಬಿಸಿಬಿಸಿ ಬುಗುರಿಯನ್ನು ಅಂಗೈಯಲ್ಲಿ ಹಿಡಿಯಲಿ. ಪ್ರತಿ ಮಗುವಿಗೂ ಒಂದೊಂದು ಬುಗುರಿಯ ಬೆಲೆಯನ್ನು ಕ್ಲಬ್ಬಿನಿಂದ ಮುಂಗಡವಾಗಿ ಪಡೆದುಕೊಳ್ಳಲು ಮರೆಯಬೇಡಿ.

ಪ್ರಶ್ನೆ: ಬೀದರಿನಲ್ಲಿ ಬಿದರಿ ಕುಶಲಕರ್ಮಿಗಳ ಮನೆಗಳನ್ನು ಇಂಥ ಪ್ರವಾಸಕ್ಕೆ ಸೇರಿಸಬಹುದೇ? ಕುಲುಮೆ, ರಾಸಾಯನಿಕ ಇರುವ ಕೆಲಸ ಅದು.
(ಕಾಲೇಜು ಉಪನ್ಯಾಸಕರು, ಬೀದರ)

ಉತ್ತರ: ಖಂಡಿತ ಸೇರಿಸಬಹುದು, ಎರಕದ ಹಂತವೊಂದನ್ನು ಬಿಟ್ಟು. 16 ಪಾಲು ಸತುವಿಗೆ 1 ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುವ ಜಾಗದ ಹತ್ತಿರ ಪ್ರೇಕ್ಷಕರು ಇರಬಾರದು. ಆದರೆ ಮೈಲುತುತ್ತಿನ ನೀರು ಸವರಿ ಕಪ್ಪಾಗಿಸಿದ ಪಾತ್ರೆಯ ಮೇಲೆ ಮೊಳೆಯಂಥ ಸಲಾಕೆಯಿಂದ ಬಳ್ಳಿ ಬರೆಯುವುದು, ಆ ಗೆರೆಗಳನ್ನು ಉಳಿಯಿಂದ ಕೆತ್ತಿ ಬೆಳ್ಳಿಯ ತಂತಿ ಕೂರಿಸಿ ತಟ್ಟುವುದು ಮಾತ್ರ ಗಂಟೆಗಟ್ಟಲೆ ಕೂತು ನೋಡುವಂಥ ಕೆಲಸ. ಕೊನೆಯಲ್ಲಿ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ಉಜ್ಜಿದಾಗ ಸತುವಿನ ಮೈ ಕಡುಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ; ಗಾಳಿ ಆಡುವ ಅಂಗಳದಲ್ಲಿ ದಿನಕ್ಕೆ ಎರಡು ಬಾರಿ, ಹೊತ್ತು ನಿಗದಿ ಮಾಡಿ ಇದನ್ನು ತೋರಿಸಿದರೆ ಸಾಕು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಊರಿನ ಉಳಿದ ಕುಶಲಕರ್ಮಿಗಳ ಹೊಸ್ತಿಲಿನವರೆಗೂ ಹೋಗಬೇಕಲ್ಲವೇ?

ಪ್ರಶ್ನೆ: ಎರಡು ದಿನದ ಪ್ರವಾಸ ಮುಗಿದ ಮೇಲೆ ಕ್ಲಬ್ಬು ಕಲಾವಿದರಿಗಾಗಿ ಮಾಡಬಹುದಾದ ಕೆಲಸ ಏನಾದರೂ ಇದೆಯೇ?
(ನಿವೃತ್ತ ಬ್ಯಾಂಕ್ ಅಧಿಕಾರಿ, ಧಾರವಾಡ)

ಉತ್ತರ: ನಿಮ್ಮಂಥ ನಿವೃತ್ತ ಬ್ಯಾಂಕ್ ಅಧಿಕಾರಿಗಳು ಮಾತ್ರ ಮಾಡಬಲ್ಲ ಕೆಲಸವೊಂದಿದೆ. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪಿಗಳೂ ಸಾಂಪ್ರದಾಯಿಕ ಬೊಂಬೆ ತಯಾರಕರೂ ಸೇರಿದ್ದಾರೆ. ಉಪಕರಣಗಳಿಗೆ 15,000 ರೂಪಾಯಿಯ ನೆರವು, ತರಬೇತಿಯ ದಿನಗಳಿಗೆ ಭತ್ಯೆ, ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ ಮತ್ತು ಆಮೇಲೆ 2 ಲಕ್ಷ ರೂಪಾಯಿವರೆಗಿನ ಸಾಲ ಅದರಲ್ಲಿದೆ. ಕರಕುಶಲಿಗಳಿಗೆ ಕೇಂದ್ರದ ಕರಕುಶಲ ವಿಭಾಗ ಕೊಡುವ ಪೆಹಚಾನ್ ಗುರುತಿನ ಚೀಟಿಯೂ ಇದೆ. ಅರ್ಹರಾದ ಎಷ್ಟೋ ಜನರ ಅರ್ಜಿ ಒಂದು ದಾಖಲೆಯ ಕೊರತೆಯಿಂದಲೋ, ಬ್ಯಾಂಕ್ ಖಾತೆಯಲ್ಲಿನ ಹೆಸರು ಆಧಾರಿನ ಹೆಸರಿಗೆ ಹೊಂದದೆಯೋ ಮೇಜಿನ ಮೇಲೆ ಉಳಿದುಬಿಡುತ್ತದೆ. ಪ್ರವಾಸದ ಮುಂದಿನ ತಿಂಗಳಲ್ಲಿ ನೀವು ಅದೇ ನಕ್ಷೆಯನ್ನು ಕೈಯಲ್ಲಿ ಹಿಡಿದು, ಒಂದೊಂದು ಮನೆಯಲ್ಲೂ ಅರ್ಧ ದಿನ ಕೂತು ಆ ಕಾಗದಗಳನ್ನು ಸರಿಪಡಿಸಿ ಕೊಡಿ. ಮೊದಲ ಪ್ರಶ್ನೆಯಲ್ಲಿ ಮೈಸೂರಿನ ಹಿರಿಯರು ಕೇಳಿದ ಸೇವೆ ಎಂದರೆ ಇದೂ ಹೌದು.

ಪ್ರಶ್ನೆ: ನನಗೆ ಎಪ್ಪತ್ತೊಂದು ವರ್ಷ. ಬೀಟೆ ಮರದ ಇನ್ಲೇ ಕೆಲಸ, ಅಂದರೆ ಬೀಟೆಯ ಹಲಗೆಯಲ್ಲಿ ಬೇರೆ ಬಣ್ಣದ ಮರದ ಚೂರುಗಳನ್ನು ಕೂರಿಸಿ ಚಿತ್ರ ತರುವ ಕೆಲಸ, ಮಾಡುತ್ತೇನೆ. ನನ್ನ ಕೋಣೆ ಚಿಕ್ಕದು, ಸುಣ್ಣ ಬಳಿಸಿ ಹತ್ತು ವರ್ಷವಾಯಿತು, ನೆಲದ ತುಂಬ ಮರದ ಚೂರು. ಕ್ಲಬ್ಬಿನವರು ಬರುವ ಮೊದಲು ಸಾಲ ಮಾಡಿಯಾದರೂ ದುರಸ್ತಿ ಮಾಡಿಸಲೇ?
(ಕುಶಲಕರ್ಮಿ, ಮೈಸೂರು)

ಉತ್ತರ: ದಯವಿಟ್ಟು ಮಾಡಿಸಬೇಡಿ. ಸುಣ್ಣ ಬಳಿದ ಗೋಡೆ ಎಲ್ಲರ ಮನೆಯಲ್ಲೂ ಇದೆ. ನಿಮ್ಮ ನೆಲದ ಮೇಲಿರುವ ಚೂರುಗಳಲ್ಲಿ ಹಲಸಿನ ಹಳದಿ, ಬೀಟೆಯ ಕಂದುಗಪ್ಪು, ಇನ್ನೂ ಹೆಸರು ಗೊತ್ತಿರದ ಎಷ್ಟೋ ಮರಗಳ ಬಣ್ಣಗಳಿವೆ. ದಂತದ ಬಳಕೆ ನಿಂತ ಮೇಲೆ ಆನೆಯ ಬೆನ್ನಿನ ಮೇಲಿನ ಅಂಬಾರಿಗೆ ನೀವು ಬಣ್ಣ ಬಳಿಯದೆ ಮರದ ಬಣ್ಣದಿಂದಲೇ ಮೆರುಗು ತರುತ್ತೀರೆಂಬುದು ಆ ಚೂರುಗಳನ್ನು ಕಂಡರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಕಾಲಿಗೆ ಚುಚ್ಚುವ ಮೊಳೆ, ಮುರಿದ ಗರಗಸದ ಅಲಗುಗಳನ್ನು ಮಾತ್ರ ಡಬ್ಬಿಗೆ ಹಾಕಿ ಮೇಲಿಡಿ. ಬೆಳಕು ಕಡಿಮೆಯೆನಿಸಿದರೆ ಒಂದು ದೀಪವನ್ನು ಕ್ಲಬ್ಬಿನವರಿಂದ ಎರಡು ದಿನಕ್ಕೆ ಕೇಳಿ ಪಡೆಯಿರಿ. ನೀವು ದಿನವೂ ಕೂರುವ ಮಣೆಯ ಎದುರಿಗೆ, ನಿಮ್ಮ ಕೈ ಕಾಣುವಷ್ಟು ಹತ್ತಿರದಲ್ಲಿ, ಎರಡು ಸ್ಟೂಲು ಹಾಕಿಡಿ. ಬಂದವರು ಅಲ್ಲಿ ಕೂರಲಿ, ನೀವು ನಿಮ್ಮ ಕೆಲಸ ಮುಂದುವರಿಸಿ.